ಬಯಾಪ್ಸಿ ಆದ ಮೇಲೆ ಗಂಟು ದೊಡ್ಡದಾಗಿದೆ, ಬೆನ್ನು ನೋಯುತ್ತಿದೆ. ಚಿಕಿತ್ಸೆ ತೀರ್ಮಾನಕ್ಕೆ ಇನ್ನೂ 19 ದಿನ

ಹೊಳೆದಂಡೆ · ಭಾನುವಾರ, ರಾತ್ರಿ 1:10

ಎಲ್ಲರಿಗೂ ನಮಸ್ಕಾರ. ನನಗೆ 44 ವರ್ಷ. ತೀರ್ಥಹಳ್ಳಿ ಹತ್ತಿರದ ಹಳ್ಳಿಯವಳು. ಸ್ನಾನ ಮಾಡುವಾಗ ಎಡ ಸ್ತನದಲ್ಲಿ ಗಂಟು ಕೈಗೆ ಸಿಕ್ಕಿತು. ಶಿವಮೊಗ್ಗದಲ್ಲಿ ಮ್ಯಾಮೊಗ್ರಾಂ, ಸ್ಕ್ಯಾನಿಂಗ್, ಸೂಜಿ ಬಯಾಪ್ಸಿ ಎಲ್ಲ ಆಯಿತು. ಗಂಟು 2.8 ಸೆಂ.ಮೀ. ಕಂಕುಳಲ್ಲೂ ಒಂದು ಸಣ್ಣದಿದೆ. ಕ್ಯಾನ್ಸರ್ ಅಂತ ರಿಪೋರ್ಟ್ ಬಂತು, ಗ್ರೇಡ್ 2. ಇಆರ್, ಪಿಆರ್ ಪಾಸಿಟಿವ್, ಅಂದರೆ ಹಾರ್ಮೋನಿನಿಂದ ಬೆಳೆಯುವ ಜಾತಿಯಂತೆ. ಹರ್-2 ಅನ್ನುವ ಪ್ರೋಟೀನಿನ ಪರೀಕ್ಷೆ ಮಾತ್ರ '2 ಪ್ಲಸ್' ಅಂತ ಬಂದಿದೆ. ಅದಕ್ಕೆ ಫಿಶ್ ಅನ್ನುವ ಇನ್ನೊಂದು ಪರೀಕ್ಷೆಗೆ ಕಳಿಸಿದ್ದಾರೆ. ಬೆಂಗಳೂರಿನ ಆಸ್ಪತ್ರೆಗೂ ಒಮ್ಮೆ ಹೋಗಿ ತೋರಿಸಿ ಬಂದೆವು. ಮೊದಲು ಕಿಮೋನೋ ಆಪರೇಷನ್ನೋ ಅಂತ ಹೇಳುವ ದಿನಕ್ಕೆ ಇನ್ನೂ 19 ದಿನ ಇದೆ.

ಕ್ಯಾನ್ಸರ್ ಅಂತ ಗೊತ್ತಾದ ದಿನ ಕೂಡ ನಾನು ಇಷ್ಟು ಹೆದರಿರಲಿಲ್ಲ. ಈಗ ದಿನಕ್ಕೊಂದು ಹೊಸದು ಶುರುವಾಗುತ್ತಿದೆ. ಬಯಾಪ್ಸಿ ಆಗಿ 16 ದಿನ. ಗಂಟು ಮೊದಲಿಗಿಂತ ದೊಡ್ಡದು ಅನಿಸುತ್ತಿದೆ. ಸುತ್ತ ಚರ್ಮ ನೀಲಿಯಾಗಿತ್ತು, ಈಗ ಹಳದಿ ಹಸಿರು. ಎರಡು ಭುಜದ ಮಧ್ಯೆ ಬೆನ್ನು ನೋವು. ಎಡಗೈ ಬೆರಳು ಬೆಳಗಿನ ಜಾವ ಜೋಮು ಹಿಡಿಯುತ್ತದೆ. ರಾತ್ರಿ ಎದೆ ಡವಡವ ಅನ್ನುತ್ತದೆ, ಉಸಿರು ಪೂರ್ತಿ ಒಳಗೆ ಹೋಗುತ್ತಿಲ್ಲ ಅನಿಸುತ್ತದೆ. ಸೂಜಿ ಹಾಕಿದರೆ ಗಂಟು ಕೆರಳಿ ಮೈಯೆಲ್ಲ ಹರಡುತ್ತದೆ ಅಂತ ನಮ್ಮತ್ತೆ ಮೊದಲೇ ಹೇಳಿದ್ದರು. ಅದೇ ನಿಜವಾಯಿತಾ ಅಂತ ಯೋಚನೆ.

ಬೆನ್ನು ನೋವಿನ ವಿಷಯ ಡಾಕ್ಟರ ಹತ್ತಿರ ಹೇಳಿಲ್ಲ. ಯಜಮಾನರಿಗೂ ಹೇಳಿಲ್ಲ. ಹೇಳಿದರೆ ಎಲುಬಿಗೆ ಹೋಗಿದೆ ಅನ್ನುತ್ತಾರೋ ಏನೋ. ಯಾರಿಗಾದರೂ ಹೀಗೆ ಆಗಿತ್ತಾ?

---

ಮೊಗ್ಗಿನ ಜಡೆ · ಭಾನುವಾರ, ರಾತ್ರಿ 1:32

ನಾನೂ ಎದ್ದೇ ಇದ್ದೇನೆ ಅಕ್ಕಾ. ಬಯಾಪ್ಸಿ ಆದ ಮೇಲೆ ನನಗೂ ಗಂಟು ನಿಂಬೆಹಣ್ಣಿನಿಂದ ಕಿತ್ತಳೆಯಷ್ಟಾಯಿತು ಅನಿಸಿತ್ತು. ದಿನಕ್ಕೆ ಹತ್ತು ಸಲ ಮುಟ್ಟಿ ನೋಡುತ್ತಿದ್ದೆ. ಒಳಗೆ ರಕ್ತ ಹೆಪ್ಪುಗಟ್ಟಿ ಊದಿತ್ತು, ಅಷ್ಟೇ. ಸುಮಾರು ಒಂದು ತಿಂಗಳಿಗೆ ಇಳಿಯಿತು. ಮುಟ್ಟಿ ಮುಟ್ಟಿಯೇ ನೋವು ಜಾಸ್ತಿ ಮಾಡಿಕೊಂಡಿದ್ದೆ.

ಈಗ ಒಂದು ಲೋಟ ಬಿಸಿ ಹಾಲು ಕುಡಿದು ಮಲಗಿ. ಬೆಳಿಗ್ಗೆ ತಿಳಿದವರು ಬಂದು ಬರೆಯುತ್ತಾರೆ.

---

ಬಿಳಿ ಏಪ್ರನ್ · ಸೋಮವಾರ, ಬೆಳಿಗ್ಗೆ 6:15

ನಾನು ಕ್ಯಾನ್ಸರ್ ವಾರ್ಡಿನಲ್ಲಿ 14 ವರ್ಷದಿಂದ ನರ್ಸ್. ನಾನು ಡಾಕ್ಟರ್ ಅಲ್ಲ, ನಿಮ್ಮನ್ನು ನೋಡಿಲ್ಲ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಸೂಜಿಯ ಮಾತು. ಬಯಾಪ್ಸಿ ಸೂಜಿ ಹಾಕಿದ್ದಕ್ಕೆ ಸ್ತನದ ಕ್ಯಾನ್ಸರ್ ಮೈಯೆಲ್ಲ ಹರಡುವುದಿಲ್ಲ. ಆ ಸೂಜಿ ಇಲ್ಲದಿದ್ದರೆ ಇಆರ್, ಪಿಆರ್, ಹರ್-2 ಯಾವುದೂ ಗೊತ್ತಾಗುತ್ತಿರಲಿಲ್ಲ. ಯಾವ ಔಷಧಿ ಕೊಡಬೇಕು ಅಂತಲೂ ಗೊತ್ತಾಗುತ್ತಿರಲಿಲ್ಲ. ನಿಮ್ಮ ಅತ್ತೆ ಹೆದರಿಕೆಯಿಂದ ಹೇಳಿದ್ದಾರೆ, ಕೆಟ್ಟ ಮನಸ್ಸಿನಿಂದ ಅಲ್ಲ. ಆದರೆ ಅದು ನಿಜ ಅಲ್ಲ.

ನೀಲಿ, ಆಮೇಲೆ ಹಸಿರು, ಹಳದಿ. ಇದು ಪೆಟ್ಟು ಬಿದ್ದ ಜಾಗ ವಾಸಿಯಾಗುವ ಬಣ್ಣ. ಆದರೆ ಆ ಜಾಗ ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ, ಚಳಿ ಜ್ವರ ಬಂದರೆ ಅವತ್ತೇ ತೋರಿಸಬೇಕು. ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿಯಾಗಿ, ಸ್ತನ ಪೂರ್ತಿ ಊದಿ ಕೆಂಪಾಗುತ್ತಿದ್ದರೂ ಕಾಯಬಾರದು.

ಈಗ ಬೆನ್ನು ನೋವು. ಇದನ್ನು ನೀವು ಮುಚ್ಚಿಟ್ಟಿದ್ದು ನನಗೆ ನಿಜಕ್ಕೂ ಬೇಜಾರಾಯಿತು. ಯಾಕೆ ಅಂತ ಹೇಳುತ್ತೇನೆ. ಶುರುವಿನ ಹಂತದಲ್ಲಿ ಬೇರೆ ಏನೂ ತೊಂದರೆ ಹೇಳದಿದ್ದವರಿಗೆ ಸಾಮಾನ್ಯವಾಗಿ ಎಲುಬಿನ ಸ್ಕ್ಯಾನ್ ಮಾಡಿಸುವುದಿಲ್ಲ. ಎಲುಬು ನೋವು ಇದೆ ಅಂದರೆ ಮಾಡಿಸುತ್ತಾರೆ. ಅಂದರೆ ನಿಮ್ಮ ಒಂದು ಮಾತಿನಿಂದ ಪರೀಕ್ಷೆಯೇ ಬದಲಾಗುತ್ತದೆ. ನೀವು ಸುಮ್ಮನಿದ್ದರೆ ಅವರಿಗೆ ಗೊತ್ತಾಗುವ ದಾರಿಯೇ ಇಲ್ಲ, ಅಲ್ವಾ?

ಇಷ್ಟು ಹೇಳಿ. ಯಾವಾಗಿಂದ ನೋವು? ಮಲಗಿದಾಗ ಜಾಸ್ತಿಯೋ, ಓಡಾಡಿದರೆ ಜಾಸ್ತಿಯೋ? ಆ ವಾರ ಏನು ಕೆಲಸ ಮಾಡುತ್ತಿದ್ದಿರಿ?

---

ಹೊಳೆದಂಡೆ · ಸೋಮವಾರ, ಬೆಳಿಗ್ಗೆ 8:50

ನೀವು ಕೇಳಿದ ಮೇಲೆ ಕೂತು ಯೋಚಿಸಿದೆ. ನೋವು ಶುರುವಾಗಿ 12 ದಿನ. ಈಗ ಅಡಿಕೆ ಸುಲಿತ ನಡೆಯುತ್ತಿದೆ. ಆಳು ಸಿಗುವುದಿಲ್ಲ. ನಾನೂ ರಾತ್ರಿ 12ರವರೆಗೆ ಬಗ್ಗಿ ಕೂತು ಸುಲಿಯುತ್ತಿದ್ದೆ. ಸುಮ್ಮನೆ ಕೂತರೆ ತಲೆ ಕೆಡುತ್ತಿತ್ತು, ಅದಕ್ಕೆ ಕೆಲಸ ಜಾಸ್ತಿಯೇ ಮಾಡಿದೆ. ಬಿಸಿನೀರು ಹಾಕಿಕೊಂಡರೆ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಪೂರ್ತಿ ಹೋಗಿಲ್ಲ.

---

ಬಿಳಿ ಏಪ್ರನ್ · ಸೋಮವಾರ, ಬೆಳಿಗ್ಗೆ 9:20

ಹಾಗಾದರೆ ಸ್ನಾಯು ನೋವು ಇರಬಹುದು. ಆದರೆ "ಇರಬಹುದು" ಅನ್ನುವುದನ್ನು ನಾನು, ನೀವು ತೀರ್ಮಾನ ಮಾಡುವುದು ಬೇಡ. ಇವತ್ತೇ ಆಸ್ಪತ್ರೆಗೆ ಫೋನ್ ಮಾಡಿ. ಅಡಿಕೆ ಸುಲಿದಿದ್ದನ್ನೂ ಹೇಳಿ, ನೋವನ್ನೂ ಹೇಳಿ. ಎರಡೂ ಅವರಿಗೆ ಬೇಕು.

ತಾರೀಖಿಗೆ ಕಾಯದೆ ತಕ್ಷಣ ಎಮರ್ಜೆನ್ಸಿಗೆ ಹೋಗಬೇಕಾದ್ದು ಬೇರೆ ಇವೆ. ಕಾಲಿನ ಶಕ್ತಿ ಕಡಿಮೆಯಾಗುವುದು, ನಡೆಯುವಾಗ ಕಾಲು ಎಳೆಯುವುದು, ಮೂತ್ರ ಕಟ್ಟುವುದು ಅಥವಾ ಗೊತ್ತಿಲ್ಲದೆ ಹೋಗುವುದು. ಬೆನ್ನು ನೋವಿನ ಜೊತೆ ಇವು ಬಂದರೆ ಒಂದು ಗಂಟೆಯೂ ತಡ ಮಾಡಬಾರದು. ಕೂತಲ್ಲೇ ಏದುಸಿರು ಬರುವುದು, ಒಂದೇ ಕಾಲು ಅಥವಾ ಒಂದೇ ಕೈ ಊದಿ ನೋಯುವುದು, ವಾಂತಿಯ ಜೊತೆ ತಡೆಯಲಾಗದ ತಲೆನೋವು, ಫಿಟ್ಸ್, ಕಣ್ಣು ಹಳದಿಯಾಗುವುದು, ಮಾತು ಗೊಂದಲವಾಗುವುದು. ಇವಕ್ಕೂ ಅಷ್ಟೇ.

ನಿಮ್ಮ ರಾತ್ರಿಯ ಎದೆ ಡವಡವ ಹೆದರಿಕೆಯದು ಇರಬಹುದು. ಹಗಲು ಮೆಟ್ಟಿಲು ಹತ್ತುವಾಗ ಉಸಿರು ಸರಿ ಇದೆಯಾ ನೋಡಿಕೊಳ್ಳಿ. ಅದನ್ನೂ ಫೋನಿನಲ್ಲಿ ಹೇಳಿ.

---

ಗಾಣದೆಣ್ಣೆ · ಸೋಮವಾರ, ಬೆಳಿಗ್ಗೆ 11:05

ಅಮ್ಮಾ, ಈ 19 ದಿನ ಸುಮ್ಮನೆ ಕಳೆಯಬೇಡಿ. ಲಕ್ಷ್ಮಣ ಫಲದ ಎಲೆ ಕಷಾಯ ಕುಡಿಯಿರಿ. ಸಕ್ಕರೆ, ಅನ್ನ, ಹಾಲು ಪೂರ್ತಿ ಬಿಡಿ. ಕ್ಯಾನ್ಸರಿಗೆ ಊಟ ಸಿಗದಿದ್ದರೆ ಅದೇ ಸಾಯುತ್ತದೆ. ನಮ್ಮ ಪರಿಚಯದವರಿಗೆ ವಾಸಿಯಾಗಿದೆ.

---

ಬಿಳಿ ಏಪ್ರನ್ · ಸೋಮವಾರ, ಮಧ್ಯಾಹ್ನ 1:40

ನಿಮ್ಮ ಕಾಳಜಿ ಅರ್ಥವಾಗುತ್ತದೆ ಸಾರ್. ಆದರೆ ದಯವಿಟ್ಟು ಹೀಗೆ ಹೇಳಬೇಡಿ. ಲಕ್ಷ್ಮಣ ಫಲ ಮನುಷ್ಯರ ಕ್ಯಾನ್ಸರ್ ವಾಸಿ ಮಾಡುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಊಟ ಬಿಟ್ಟರೆ ಮೊದಲು ಸೊರಗುವುದು ರೋಗಿ. ಕಿಮೋ ಶುರುವಾಗುವ ಹೊತ್ತಿಗೆ ತೂಕ, ಹಿಮೋಗ್ಲೋಬಿನ್ ಚೆನ್ನಾಗಿರಬೇಕು. ಅನ್ನ, ಬೇಳೆ, ಮೊಟ್ಟೆ, ಮೊಸರು, ಸೊಪ್ಪು, ಏನು ರೂಢಿಯೋ ಅದನ್ನು ಹೊಟ್ಟೆ ತುಂಬ ತಿನ್ನಲಿ. ಅಡುಗೆಗೆ ಹಾಕುವ ಅರಿಶಿನಕ್ಕೆ ತೊಂದರೆ ಇಲ್ಲ. ಕಷಾಯ, ಚೂರ್ಣ, ಮಾತ್ರೆ ಏನೇ ತೆಗೆದುಕೊಳ್ಳುತ್ತಿದ್ದರೂ ಡಾಕ್ಟರಿಗೆ ಹೇಳಲೇಬೇಕು. ಕೆಲವು ಲಿವರಿಗೆ ಪೆಟ್ಟು ಕೊಡುತ್ತವೆ, ಕೆಲವು ಆಪರೇಷನ್ನಿನಲ್ಲಿ ರಕ್ತ ಜಾಸ್ತಿ ಹೋಗುವಂತೆ ಮಾಡುತ್ತವೆ.

---

ಧಾರವಾಡದ ಸೊಸಿ · ಸೋಮವಾರ, ಮಧ್ಯಾಹ್ನ 3:15

ಅಕ್ಕಾರ, ನಾನು ಒಂದು ಬೇರೆ ಮಾತು ಹೇಳುತ್ತೇನೆ. ಹೆದರಬೇಡಿ.

ನನ್ನ ಬೆನ್ನು ನೋವು ನಿಜವಾಗಿಯೂ ಎಲುಬಿಗೆ ಹೋಗಿದ್ದರಿಂದಲೇ ಬಂದಿತ್ತು. ಎರಡು ತಿಂಗಳು ಯಾರಿಗೂ ಹೇಳದೆ ಮುಲಾಮು ಹಚ್ಚಿಕೊಂಡು ಓಡಾಡಿದೆ. ರಾತ್ರಿ ಮಲಗಿದರೆ ಜಾಸ್ತಿ, ಹೊರಳಿದರೆ ಜೀವ ಹೋದ ಹಾಗೆ. ಮಾತ್ರೆ ತಗೊಂಡರೂ ಬಗ್ಗಲಿಲ್ಲ. ದಿನದಿಂದ ದಿನಕ್ಕೆ ಏರುತ್ತಿತ್ತು. ನಿಮ್ಮದು ಹಾಗೆ ಕಾಣುವುದಿಲ್ಲ. ಆದರೂ ಹೇಳಿ ಅನ್ನುವುದು ಅದಕ್ಕೇ.

ನೀವು ಹೆದರುತ್ತಿರುವ ಜಾಗದಲ್ಲಿ ನಾನು ಐದು ವರ್ಷದಿಂದ ಬದುಕಿದ್ದೇನೆ. ಲೆಟ್ರೊಜೋಲ್ ಮಾತ್ರೆ, ಅದರ ಜೊತೆ ಪಾಲ್ಬೊಸಿಕ್ಲಿಬ್. ಎಲುಬಿಗೆ ಜೋಲೆಡ್ರೋನಿಕ್ ಇಂಜೆಕ್ಷನ್. ಮೊದಲು ಆ ಪಾಲ್ಬೊಸಿಕ್ಲಿಬ್ ರೇಟು ಕೇಳಿಯೇ ನಾವು ಕಂಗಾಲಾಗಿದ್ದೆವು. 2023ರಲ್ಲಿ ಅದರ ಪೇಟೆಂಟ್ ಮುಗಿದು ನಮ್ಮ ದೇಶದ ಕಂಪನಿಗಳೂ ತಯಾರಿಸಿದ ಮೇಲೆ ಬೆಲೆ ಬಹಳ ಇಳಿಯಿತು. ಮಗನ ಮುಂಜಿ ಮಾಡಿದೆ. ರೊಟ್ಟಿ ಬಡಿಯುತ್ತೇನೆ, ಕೆಲವು ದಿನ ಆಗುವುದಿಲ್ಲ.

ಆ ಎರಡು ತಿಂಗಳು ಮಾತ್ರ ನನಗೆ ವಾಪಸ್ ಬೇಕು. ಹೇಳಿದ್ದರೆ ನೋವಾದರೂ ಬೇಗ ಕಡಿಮೆಯಾಗುತ್ತಿತ್ತು.

---

ಹೊಳೆದಂಡೆ · ಸೋಮವಾರ, ಸಂಜೆ 5:30

ನಿಮ್ಮ ಮಾತು ಓದಿ ತುಂಬಾ ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಫೋನ್ ಮಾಡಿದೆ.

ಮೊದಲ ಸಲ ಯಾರೋ ಎತ್ತಿ "ಡೇಟ್ ಇದೆಯಲ್ಲಮ್ಮ, ಆವತ್ತು ಬನ್ನಿ" ಅಂದು ಇಟ್ಟರು. ಕೈ ನಡುಗಿತು. ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಮತ್ತೆ ಮಾಡಿದೆ.

---

ಅಮ್ಮನ ಡ್ರೈವರ್ · ಸೋಮವಾರ, ಸಂಜೆ 6:10

ನಮ್ಮ ಅಮ್ಮನ ಹೊತ್ತಿನಲ್ಲಿ ನಮಗೂ ಹಾಗೇ ಆಗಿತ್ತು. "ಡೇಟ್ ಮುಂದಕ್ಕೆ ತರಬೇಕು" ಅಂತ ಕೇಳಿದರೆ ಕೌಂಟರಿನವರು ಆಗಲ್ಲ ಅನ್ನುತ್ತಾರೆ. ಅವರ ಕೈಯಲ್ಲಿ ಅದು ಇಲ್ಲ. ಹೀಗೆ ಹೇಳಿ: "ನನ್ನ ಓಪಿಡಿ ನಂಬರ್ ಇಷ್ಟು. ಸ್ತನ ಕ್ಯಾನ್ಸರ್ ಅಂತ ಬಯಾಪ್ಸಿಯಲ್ಲಿ ಬಂದಿದೆ. ಹೋದ ಸಲ ಬಂದಾಗ ಇಲ್ಲದ ಹೊಸ ನೋವು ಶುರುವಾಗಿದೆ. ಇದನ್ನು ಡಾಕ್ಟರಿಗೆ ಅಥವಾ ನರ್ಸಿಗೆ ಹೇಳಬೇಕು." ಹೊಸ ನೋವು ಅನ್ನುವ ಪದ ಮುಖ್ಯ. ಮಾತನಾಡಿದವರು ಯಾರು, ಎಷ್ಟು ಹೊತ್ತಿಗೆ ಅಂತ ಬರೆದಿಟ್ಟುಕೊಳ್ಳಿ.

ಒಂದು ನೋಟ್ ಪುಸ್ತಕ ಮಾಡಿ. ತಾರೀಖು, ಎಲ್ಲಿ ನೋವು, ಹತ್ತರಲ್ಲಿ ಎಷ್ಟು, ಏನು ಮಾಡಿದರೆ ಕಡಿಮೆ, ಏನು ಮಾಡಿದರೆ ಜಾಸ್ತಿ, ಯಾವ ಮಾತ್ರೆ ತೆಗೆದುಕೊಂಡೆ. ಅಮ್ಮ ಡಾಕ್ಟರ ಮುಂದೆ ಕೂತರೆ "ಏನಿಲ್ಲ ಸಾರ್, ಚೆನ್ನಾಗಿದ್ದೇನೆ" ಅನ್ನುತ್ತಿದ್ದರು. ಪುಸ್ತಕ ಸುಳ್ಳು ಹೇಳುತ್ತಿರಲಿಲ್ಲ.

---

ಹೊಳೆದಂಡೆ · ಸೋಮವಾರ, ರಾತ್ರಿ 9:00

ಎರಡನೇ ಸಲ ನರ್ಸ್ ಒಬ್ಬರು ಸಿಕ್ಕಿದರು. ಸಮಾಧಾನದಿಂದ ಕೇಳಿದರು. ಡಾಕ್ಟರನ್ನು ಕೇಳಿ ಮತ್ತೆ ಅವರೇ ಫೋನ್ ಮಾಡಿದರು. ಗುರುವಾರ ಬರಬೇಕಂತೆ. ಎದೆ ಹೊಟ್ಟೆ ಸಿಟಿ, ಎಲುಬಿನ ಸ್ಕ್ಯಾನ್. ಅಲ್ಲಿಯವರೆಗೆ ಅಡಿಕೆ ಸುಲಿಯಬಾರದು ಅಂದರು. ನೋವಿಗೆ ಪ್ಯಾರಾಸಿಟಮಾಲ್ ಹೇಳಿದರು.

ಯಜಮಾನರಿಗೂ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಎದ್ದು ಹೋಗಿ ಸುಲಿಯುವ ಕತ್ತಿಯನ್ನು ಅಟ್ಟದ ಮೇಲೆ ಇಟ್ಟು ಬಂದರು.

ದುಡ್ಡಿನ ಯೋಚನೆ ಈಗ. ಬಿಪಿಎಲ್ ಕಾರ್ಡ್ ಇದೆ.

---

ಅಮ್ಮನ ಡ್ರೈವರ್ · ಸೋಮವಾರ, ರಾತ್ರಿ 9:45

ಬಿಪಿಎಲ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿ. ಆಧಾರ್, ರೇಷನ್ ಕಾರ್ಡ್ ಎರಡೂ ಒಯ್ಯಿರಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾ ಅಂತ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಫೋನಿನಲ್ಲೇ ಕೇಳಿಕೊಳ್ಳಿ. ನಾವು ಕೇಳದೆ ಹೋಗಿ, ಚೀಟಿಗಾಗಿ ಊರಿಗೆ ವಾಪಸ್ ಬಂದು ನಾಲ್ಕು ದಿನ ಕಳೆದುಕೊಂಡೆವು. ಅದು ನಿಮಗೆ ಬೇಡ. ಅನುಮಾನ ಬಂದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ.

ರೈಲಿನಲ್ಲಿ ಹೋಗುವುದಾದರೆ ಕ್ಯಾನ್ಸರ್ ಚಿಕಿತ್ಸೆಗೆ ಹೋಗುವವರಿಗೆ ಸ್ಲೀಪರ್, ಥರ್ಡ್ ಎಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ. ಜೊತೆಗೆ ಬರುವ ಒಬ್ಬರಿಗೆ ಶೇ. 75. ಆಸ್ಪತ್ರೆಯಿಂದ ಅದರ ಫಾರ್ಮ್ ಬರೆಸಿಕೊಂಡು ಸ್ಟೇಷನ್ ಕೌಂಟರಿನಲ್ಲಿ ಕೊಡಬೇಕು. ಬೆನ್ನು ನೋವು ಇರುವಾಗ ಬಸ್ಸಿಗಿಂತ ಮಲಗಿಕೊಂಡು ಹೋಗುವುದು ಒಳ್ಳೆಯದು.

---

ಮೊಗ್ಗಿನ ಜಡೆ · ಮಂಗಳವಾರ, ಬೆಳಿಗ್ಗೆ 10:20

ಎಲುಬಿನ ಸ್ಕ್ಯಾನ್ ನೋಯುವುದಿಲ್ಲ ಅಕ್ಕಾ. ಕೈಗೆ ಸ್ವಲ್ಪ ವಿಕಿರಣ ಇರುವ ಒಂದು ಇಂಜೆಕ್ಷನ್ ಕೊಟ್ಟು ಸುಮಾರು ಮೂರು ಗಂಟೆ ಕೂರಿಸುತ್ತಾರೆ. ನೀರು ಚೆನ್ನಾಗಿ ಕುಡಿಯಿರಿ, ಮೂತ್ರಕ್ಕೆ ಹೋಗುತ್ತಿರಿ. ಅವತ್ತು ಚಿಕ್ಕ ಮಕ್ಕಳನ್ನು, ಬಸುರಿಯರನ್ನು ತಬ್ಬಿಕೊಂಡು ಕೂರಬೇಡಿ.

ರಿಪೋರ್ಟ್ ನಿಮ್ಮ ಮೊಬೈಲಿಗೆ ಮೊದಲು ಬಂದರೆ ಒಬ್ಬರೇ ಓದಬೇಡಿ. ನಾನು ನನ್ನದನ್ನು ಆಟೋದಲ್ಲೇ ಓದಿದೆ. "ಅಪ್‌ಟೇಕ್" (ಆ ಇಂಜೆಕ್ಷನ್ ಔಷಧಿ ಒಂದು ಜಾಗದಲ್ಲಿ ಹೆಚ್ಚು ಸೇರಿದೆ ಅಂತ) ಅನ್ನುವ ಪದ ನೋಡಿ ನನ್ನ ಕಥೆ ಮುಗಿಯಿತು ಅಂದುಕೊಂಡೆ. ಸವೆದ ಮಂಡಿ, ಹಳೇ ಪೆಟ್ಟು, ಹುಳುಕು ಹಲ್ಲು ಕೂಡ ಆ ಸ್ಕ್ಯಾನಿನಲ್ಲಿ ಕಪ್ಪಗೆ ಕಾಣುತ್ತದಂತೆ. ನನ್ನದು ಮಂಡಿ. ಎರಡು ದಿನ ಊಟ ಬಿಟ್ಟಿದ್ದು ಮಂಡಿಗಾಗಿ.

---

ಕಡಲ ಕರೆ · ಮಂಗಳವಾರ, ಮಧ್ಯಾಹ್ನ 12:05

ನಾನು ಮಂಗಳೂರಿನವಳು. ನಮ್ಮ ನಾದಿನಿಗೆ ಸ್ತನ ಕೆಂಪಾಗಿ ಊದಿತ್ತು ಮಾರಾಯ್ರೆ. ಸೋಂಕು ಅಂತ ಒಂದು ಕಡೆ ಮಾತ್ರೆ ಕೊಟ್ಟರು. ವಾರ ಕಳೆದರೂ ಇಳಿಯಲಿಲ್ಲ. ಮತ್ತೆ ಮಾತ್ರೆ. ಹೀಗೆ ಒಂದೂವರೆ ತಿಂಗಳು ಹೋಯಿತು. ಕೊನೆಗೆ ಬಯಾಪ್ಸಿ ಮಾಡಿದಾಗ ಗೊತ್ತಾಯಿತು, ಅದು ಬೇಗ ಬೆಳೆಯುವ ಜಾತಿಯ ಸ್ತನ ಕ್ಯಾನ್ಸರ್. ಆ ಜಾತಿಯಲ್ಲಿ ಗಂಟೇ ಕೈಗೆ ಸಿಗದೆ ಇರಬಹುದಂತೆ. ಮಾತ್ರೆ ಮುಗಿದರೂ ಕೆಂಪು ಇಳಿಯದಿದ್ದರೆ ಇನ್ನೊಂದು ಕೋರ್ಸಿಗೆ ಒಪ್ಪಬೇಡಿ, ಬಯಾಪ್ಸಿ ಬೇಕಾ ಅಂತ ಬಾಯಿ ಬಿಟ್ಟು ಕೇಳಿ. ನಾವು ಕೇಳಲಿಲ್ಲ.

ಅವಳು ಈಗ ಆಪರೇಷನ್ ಆಗಿ ರೇಡಿಯೇಷನ್ ತಗೊಳ್ತಾ ಇದ್ದಾಳೆ.

---

ಹೊಳೆದಂಡೆ · ಮಂಗಳವಾರ, ರಾತ್ರಿ 11:50

ಇನ್ನೊಂದು ಪ್ರಶ್ನೆ. ಹೀಗೆ ವಾರಗಟ್ಟಲೆ ಕಾದರೆ ಕ್ಯಾನ್ಸರ್ ಬೆಳೆದುಬಿಡುವುದಿಲ್ಲವಾ? ಮಲಗಿದರೆ ಅದೇ. ಒಳಗೆ ಗೆದ್ದಲು ತಿನ್ನುತ್ತಿದೆ ಅನಿಸುತ್ತದೆ.

---

ಬಿಳಿ ಏಪ್ರನ್ · ಬುಧವಾರ, ಬೆಳಿಗ್ಗೆ 6:05

ಎಲ್ಲರೂ ಕೇಳುವ ಪ್ರಶ್ನೆ ಇದು. ಸ್ತನ ಕ್ಯಾನ್ಸರ್ ಕೈಗೆ ಸಿಗುವ ಗಾತ್ರಕ್ಕೆ ಬರಲು ಹೆಚ್ಚಿನವರಲ್ಲಿ ವರ್ಷಗಳೇ ಹಿಡಿದಿರುತ್ತವೆ. ಪರೀಕ್ಷೆ ಮುಗಿಸಿ ಸರಿಯಾದ ಚಿಕಿತ್ಸೆ ಆರಿಸಲು ಎರಡು ಮೂರು ವಾರ ಹೋದರೆ ಸಾಮಾನ್ಯವಾಗಿ ಹಾನಿ ಇಲ್ಲ. ತಿಂಗಳುಗಟ್ಟಲೆ ಹೋದರೆ ಹಾನಿ ಇದೆ. ಒಂದು ತಿಂಗಳು ದಾಟುತ್ತಿದೆ ಅನಿಸಿದರೆ ನೀವೇ ಫೋನ್ ಮಾಡಿ ಒತ್ತಾಯ ಮಾಡಿ. ಅದು ಜಗಳ ಅಲ್ಲ.

ನಿಮ್ಮ ಫಿಶ್ ರಿಪೋರ್ಟ್ ಸುಮ್ಮನೆ ಎಳೆದಾಟ ಅಲ್ಲ. ಹರ್-2 2 ಪ್ಲಸ್ ಅಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ. ಪಾಸಿಟಿವ್ ಬಂದರೆ ಟ್ರಾಸ್ಟುಜುಮಾಬ್ ಅನ್ನುವ ಇಂಜೆಕ್ಷನ್ ಸೇರುತ್ತದೆ. ಅದು ಗೊತ್ತಿಲ್ಲದೆ ಶುರು ಮಾಡಿದರೆ ನಿಮಗೇ ನಷ್ಟ.

ಈ ದಿನಗಳಲ್ಲಿ ಆಗಬೇಕಾದ ಕೆಲಸಗಳೂ ಇವೆ. ಹುಳುಕು ಹಲ್ಲಿದ್ದರೆ ಈಗಲೇ ತೋರಿಸಿ, ಕಿಮೋ ನಡುವೆ ಹಲ್ಲು ಕೀಳಿಸುವುದು ಕಷ್ಟ. ಶುಗರ್, ಬಿಪಿ ನೋಡಿಸಿ. ಇದನ್ನು ಓದುತ್ತಿರುವ ಚಿಕ್ಕ ವಯಸ್ಸಿನವರು ಮುಂದೆ ಮಕ್ಕಳು ಬೇಕು ಅಂದರೆ ಕಿಮೋ ಶುರುವಾಗುವ ಮೊದಲೇ ಅಂಡಾಣು ಉಳಿಸಿಡುವ ವಿಷಯ ಕೇಳಿ. ಆಮೇಲೆ ಕೇಳಿದರೆ ತಡವಾಗುತ್ತದೆ.

ರಾತ್ರಿ ಹೆದರಿಕೆ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಯಾವ ಹೊತ್ತಿನಲ್ಲಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಿದ್ದೆಯೇ ಇಲ್ಲದಿದ್ದರೆ ಡಾಕ್ಟರಿಗೆ ಹೇಳಿ. ನಿದ್ದೆಗೆಟ್ಟ ಮೈಗೆ ಎಲ್ಲ ನೋವೂ ದುಪ್ಪಟ್ಟು.

---

ಧಾರವಾಡದ ಸೊಸಿ · ಬುಧವಾರ, ಬೆಳಿಗ್ಗೆ 9:30

ಮಕ್ಕಳಿಗೆ ಗೊತ್ತಾ ಅಕ್ಕಾರ? ಮಕ್ಕಳ ವಿಷಯ ನೀವು ಬರೆಯಲೇ ಇಲ್ಲ.

---

ಹೊಳೆದಂಡೆ · ಬುಧವಾರ, ಮಧ್ಯಾಹ್ನ 2:15

ಒಬ್ಬಳೇ ಮಗಳು. ಸೆಕೆಂಡ್ ಪಿಯು. ಮುಂದಿನ ವಾರ ಪ್ರಿಪರೇಟರಿ ಪರೀಕ್ಷೆ. "ಅಮ್ಮನಿಗೆ ಒಂದು ಗಂಟು ಇದೆ, ತೆಗೆಸಬೇಕು" ಅಂತ ಮಾತ್ರ ಹೇಳಿದ್ದೇನೆ. ಪರೀಕ್ಷೆ ಮುಗಿಯಲಿ ಅಂತ.

---

ಅಮ್ಮನ ಡ್ರೈವರ್ · ಬುಧವಾರ, ಸಂಜೆ 7:00

ನಮ್ಮಮ್ಮನೂ ನನ್ನ ಹತ್ತಿರ ಮುಚ್ಚಿಟ್ಟಿದ್ದರು. ನನಗೆ ಆಗಲೇ ಗೊತ್ತಿತ್ತು, ಫೈಲ್ ನೋಡಿದ್ದೆ. ಇಬ್ಬರೂ ಒಂದೇ ಮನೆಯಲ್ಲಿ ಗೊತ್ತಿಲ್ಲದವರ ಹಾಗೆ ಎರಡು ವಾರ ಓಡಾಡಿದೆವು. ಆ ಎರಡು ವಾರ ನಾನು ಒಂದಕ್ಷರ ಓದಲಿಲ್ಲ.

---

ಹೊಳೆದಂಡೆ · ಮುಂದಿನ ಮಂಗಳವಾರ, ರಾತ್ರಿ 8:40

ರಿಪೋರ್ಟ್ ಬಂತು. ಮೊಬೈಲಿಗೆ ಬಂದಾಗ ತೆರೆಯಲಿಲ್ಲ. ಡಾಕ್ಟರ ಮುಂದೆ ಕೂತೇ ಕೇಳಿದೆ.

ಎಲುಬಿಗೆ ಹೋಗಿಲ್ಲ. ಶ್ವಾಸಕೋಶ, ಲಿವರ್ ಸರಿ ಇದೆ. ಕುತ್ತಿಗೆ ಮೂಳೆ ಸವೆದಿದೆಯಂತೆ. ಕೈ ಜೋಮು ಹಿಡಿಯುವುದು ಅದರಿಂದ ಇರಬೇಕು ಅಂದರು. ಬೆನ್ನು ಸ್ನಾಯು ನೋವು. ಗಂಟಿನ ಸುತ್ತ ರಕ್ತ ಕಟ್ಟಿದ್ದು ಇಳಿಯುತ್ತಿದೆ. ಸ್ಕ್ಯಾನಿಂಗಿನಲ್ಲಿ ಗಂಟು 2.9, ಹೆಚ್ಚು ಕಡಿಮೆ ಅಷ್ಟೇ. ಫಿಶ್ ನೆಗೆಟಿವ್. ಕಂಕುಳಲ್ಲೂ ಇರುವುದರಿಂದ ಮೊದಲು ಕಿಮೋ, ಆಮೇಲೆ ಆಪರೇಷನ್. ಗಂಟಿನೊಳಗೆ ಗುರುತಿಗೆ ಒಂದು ಸಣ್ಣ ಕ್ಲಿಪ್ ಇಡುತ್ತಾರೆ. ಕಿಮೋದಲ್ಲಿ ಗಂಟು ಕರಗಿಹೋದರೂ ಆಪರೇಷನ್ ಮಾಡುವವರಿಗೆ ಜಾಗ ಗೊತ್ತಾಗಲಿ ಅಂತ.

"ನೋವಿನ ವಿಷಯ ಮೊದಲೇ ಯಾಕೆ ಹೇಳಲಿಲ್ಲ?" ಅಂತ ಡಾಕ್ಟರ್ ಕೇಳಿದರು. ಬೈಯಲಿಲ್ಲ. ನನ್ನ ಪುಸ್ತಕ ಇಸಿದುಕೊಂಡು ಎರಡು ಪುಟ ಪೂರ್ತಿ ಓದಿದರು.

ಧಾರವಾಡದ ಅಕ್ಕಾ, ನನ್ನ ರಿಪೋರ್ಟ್ ಒಳ್ಳೆಯದು ಬಂತು ಅಂತ ನಿಮ್ಮ ಮುಂದೆ ಹೇಳಲು ಸಂಕೋಚವಾಗುತ್ತಿದೆ.

---

ಧಾರವಾಡದ ಸೊಸಿ · ಮಂಗಳವಾರ, ರಾತ್ರಿ 9:05

ಸಂಕೋಚ ಯಾಕ್ರಿ? ನಾನು ದೇವರ ಮುಂದೆ ದೀಪ ಹಚ್ಚಿ ಕೂತಿದ್ದೆ. ಮಗಳಿಗೆ ಹೇಳಿ.

---

ಬಿಳಿ ಏಪ್ರನ್ · ಬುಧವಾರ, ಬೆಳಿಗ್ಗೆ 6:20

ತುಂಬಾ ಸಂತೋಷ. ಕಿಮೋಗೆ ಮೊದಲು ಹೃದಯದ ಎಕೋ ಮಾಡಿಸುತ್ತಾರೆ. ಅಡ್ರಿಯಾಮೈಸಿನ್ ಅನ್ನುವ ಕೆಂಪು ಔಷಧಿ ಕೊಟ್ಟರೆ ಒಂದೆರಡು ದಿನ ಮೂತ್ರ ಕೆಂಪಾಗಿ ಬರುತ್ತದೆ. ಅದು ರಕ್ತ ಅಲ್ಲ, ಔಷಧಿಯ ಬಣ್ಣ. ಒಂದು ಥರ್ಮಾಮೀಟರ್ ಕೊಂಡುಕೊಳ್ಳಿ. ಕಿಮೋ ಆದ ಮೇಲೆ 100.4 ಮುಟ್ಟಿದರೆ ಮಾತ್ರೆ ನುಂಗಿ ಮಲಗಬೇಡಿ, ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೋಗಿ.

---

ಹೊಳೆದಂಡೆ · ಎರಡು ವಾರದ ನಂತರ, ಶನಿವಾರ, ರಾತ್ರಿ 8:15

ನಿನ್ನೆ ಮೊದಲ ಕಿಮೋ ಆಯಿತು. ಮೂತ್ರ ಕೆಂಪಗೆ ಬಂತು. ನೀವು ಹೇಳಿರದಿದ್ದರೆ ಬಾತ್ರೂಮಿನಲ್ಲೇ ಕುಸಿಯುತ್ತಿದ್ದೆ.

ಮಗಳಿಗೆ ಪರೀಕ್ಷೆಯ ಹಿಂದಿನ ಭಾನುವಾರವೇ ಹೇಳಿದೆ. ಅವಳಿಗೂ ಮೊದಲೇ ಗೊತ್ತಿತ್ತು. ಇಬ್ಬರೂ ಒಲೆ ಮುಂದೆ ಕೂತು ಅತ್ತೆವು. ಪರೀಕ್ಷೆ ಬರೆದಳು. ಈಗ ನೋಟ್ ಪುಸ್ತಕ ಅವಳ ಕೈಯಲ್ಲಿದೆ. ನನಗೆ ಬರೆಯಲು ಕೊಡುವುದಿಲ್ಲ, ನೀನು ಕಡಿಮೆ ಮಾಡಿ ಬರೆಯುತ್ತೀಯ ಅನ್ನುತ್ತಾಳೆ. ಇವತ್ತಿನ ಪುಟ ಹಾಗೇ ಇಲ್ಲಿ ಹಾಕುತ್ತಿದ್ದೇನೆ.

"ಸಂಜೆ 6. ಜ್ವರ 98.4. ಗಂಜಿ ಒಂದು ಲೋಟ, ಅಪ್ಪೆಮಿಡಿ ಉಪ್ಪಿನಕಾಯಿ ಸ್ವಲ್ಪ. ವಾಂತಿ ಇಲ್ಲ, ವಾಕರಿಕೆ ಇದೆ. ಬೆನ್ನು ನೋವು ಹತ್ತರಲ್ಲಿ ಎರಡು. ಅಮ್ಮ ಒಂದು ಅಂದಳು."